ದೂರದ ದನಿಗೊಂದು ಪುಟ್ಟ ಚೌಕಟ್ಟು



ದಕ್ಷಿಣ ಕನ್ನಡ ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡಿ. ಸುಳ್ಯ ತಾಲ್ಲೂಕಿನಲ್ಲಿ, ಸುಬ್ರಹ್ಮಣ್ಯಕ್ಕೆ ಸಮೀಪದಲ್ಲಿ ಗುತ್ತಿಗಾರು ಎಂಬ ಊರು ಕಾಣುತ್ತದೆ. ಅದರ ಪೂರ್ವಕ್ಕೆ ಪಶ್ಚಿಮಘಟ್ಟದ ಗೋಡೆ ಇದೆ. 1,712 ಮೀಟರ್ ಎತ್ತರದ ಕುಮಾರಪರ್ವತ ಆ ಗೋಡೆಯದೇ ಒಂದು ಭಾಗ. ಸುತ್ತಲೂ ಗುಡ್ಡ, ಗುಡ್ಡಗಳ ನಡುವೆ ಅಡಿಕೆ ತೋಟ, ತೋಟದ ನಡುವೆ ತೋಡು, ಅಲ್ಲಲ್ಲಿ ಒಂಟಿ ಮನೆಗಳು. ಜೂನ್ ತಿಂಗಳಿನಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ವಿದ್ಯುತ್ ತಂತಿ ತುಂಡಾಗುವುದು, ದೀಪ ಆರುವುದು ಇಲ್ಲಿ ಹೊಸ ಸಂಗತಿಯೇನಲ್ಲ. ವಿದ್ಯುತ್ತು ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾದರೆ ಗುಡ್ಡದಾಚೆಯ ಊರಿನ ಸುದ್ದಿ ಈಚೆಗೆ ಬಾರದು.

ಇಂಥ ರಾತ್ರಿಯಲ್ಲಿ ಒಂದು ಕಾರ್ ಬ್ಯಾಟರಿ, ಒಂದು ರಿಸೀವರ್, ಒಂದಿಷ್ಟು ತಂತಿ ಇದ್ದರೆ ದೂರದ ದನಿಯನ್ನು ಕೇಳಬಹುದೆ? ಕೇಳಬಹುದು. ಆದರೆ ಆ ತಂತಿಯನ್ನು ಹೇಗೆ ಕಟ್ಟಬೇಕು ಎಂಬುದನ್ನು ಕಲಿಯಲು ಮನುಷ್ಯನಿಗೆ ಸುಮಾರು ನೂರು ವರ್ಷ ಬೇಕಾಯಿತು. ಆ ಚರಿತ್ರೆಯನ್ನು ನಾವು ಈಗ ನೋಡೋಣ.

ಗುಡ್ಡದ ಊರಿಗೆ ಯಾವ ತರಂಗ?

ಪೊಲೀಸರ ಕೈಯಲ್ಲಿರುವ ವಾಕಿಟಾಕಿ, ಎಫ್.ಎಂ. ರೇಡಿಯೊ, ಮೊಬೈಲ್ ಇವೆಲ್ಲ ಬಹಳ ಹೆಚ್ಚಿನ ಆವೃತ್ತಿಯ ತರಂಗಗಳನ್ನು ಬಳಸುತ್ತವೆ. ಈ ತರಂಗಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ದೊಡ್ಡ ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತವೆ. ಕಡಿಮೆ ಆವೃತ್ತಿಯ ತರಂಗಗಳ ನಡತೆ ಬೇರೆ. ಅವು ಆಕಾಶಕ್ಕೇರಿ, ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲಿರುವ ಅಯಾನುಮಂಡಲಕ್ಕೆ ತಾಗಿ, ಬಾಗಿ ಮತ್ತೆ ಕೆಳಕ್ಕೆ ಬರುತ್ತವೆ. ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಕಳುಹಿಸಿದ ತರಂಗವು ಮಳೆಯಂತೆ ನೆತ್ತಿಯ ಮೇಲಿನಿಂದ ಸುರಿಯುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರ್ ವ್ಯಾಪ್ತಿಯೊಳಗೆ ಗುಡ್ಡದ ಆಚೆ ಈಚೆ ಎಂಬ ಭೇದ ಅದಕ್ಕಿಲ್ಲ.

ಹವ್ಯಾಸಿ ರೇಡಿಯೊ ನಡೆಸುವವರು, ಅಂದರೆ ಹ್ಯಾಮ್‌ಗಳು, ಇದಕ್ಕಾಗಿ ಬಳಸುವ ಪಟ್ಟಿಗಳು ಮುಖ್ಯವಾಗಿ ಮೂರು: 160 ಮೀಟರ್, 80 ಮೀಟರ್ ಮತ್ತು 40 ಮೀಟರ್. ಆವೃತ್ತಿಯಲ್ಲಿ ಹೇಳುವುದಾದರೆ ಕ್ರಮವಾಗಿ ಸುಮಾರು 1.8, 3.5 ಮತ್ತು 7 ಮೆಗಾಹರ್ಟ್ಸ್. ಸಾಮಾನ್ಯವಾಗಿ ಹತ್ತಿರದ ಊರುಗಳ ನಡುವೆ ಮಾತಾಡಲು ಹಗಲಿನಲ್ಲಿ 40 ಮೀಟರ್, ರಾತ್ರಿಯಲ್ಲಿ 80 ಮೀಟರ್ ಒದಗುತ್ತವೆ.

ಇಲ್ಲೊಂದು ತೊಡಕು ಇದೆ. ಒಳ್ಳೆಯ ಆಂಟೆನಾ ಎಂದರೆ ತರಂಗದೂರದ ಅರ್ಧದಷ್ಟು ಉದ್ದವಿರಬೇಕು ಎಂಬುದು ಪಾಠಪುಸ್ತಕದ ಮಾತು. 160 ಮೀಟರಿನ ಅರ್ಧ 80 ಮೀಟರ್. ಅದನ್ನು ಅಷ್ಟೇ ಎತ್ತರದಲ್ಲಿ ಕಟ್ಟಬೇಕೆಂದರೆ ಹದಿನೈದು ಮೀಟರ್ ಎತ್ತರದ ಐದಕ್ಕೂ ಹೆಚ್ಚು ಅಡಿಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಬೇಕು! ತೋಟದ ಮನೆಯ ಅಂಗಳದಲ್ಲಿ ಇದು ಆಗುವ ಕೆಲಸವಲ್ಲ. ಹಾಗಾದರೆ ಚಿಕ್ಕ ಆಂಟೆನಾದಿಂದ ದೊಡ್ಡ ತರಂಗವನ್ನು ಕೇಳುವ ಬಗೆ ಹೇಗೆ?

ನಮ್ಮ ನಾಡಿನಲ್ಲಿ ರೇಡಿಯೊ

ಈ ಪ್ರಶ್ನೆಯನ್ನು ನಮ್ಮ ಹಿರಿಯರೂ ತಮ್ಮ ರೀತಿಯಲ್ಲಿ ಎದುರಿಸಿದ್ದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕದ ಶಕ್ತಿ ಕೇವಲ 30 ವಾಟ್, ಅಂದರೆ ಒಂದು ಮಂಕು ದೀಪಕ್ಕೆ ಸಾಕಾಗುವಷ್ಟು. ಅಷ್ಟು ಸಣ್ಣ ದನಿಯನ್ನು ಹಿಡಿಯಬೇಕಾದರೆ ಕೇಳುವವನ ಕಡೆಯ ಆಂಟೆನಾ ಚೆನ್ನಾಗಿರಲೇಬೇಕಿತ್ತು.

ಮಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದದ್ದು 1976ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಘಟ್ಟದ ಬುಡದ ಹಳ್ಳಿಗಳಲ್ಲಿ ರೇಡಿಯೊ ಕೇಳಬೇಕಾದರೆ ಬೆಂಗಳೂರು, ಧಾರವಾಡ ಅಥವಾ ಸಮುದ್ರದಾಚೆಯ ಸಿಲೋನ್ ಕೇಂದ್ರಕ್ಕೆ ಕಿವಿಗೊಡಬೇಕಿತ್ತು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಎರಡು ಕಂಬಗಳ ನಡುವೆ ತಾಮ್ರದ ತಂತಿ ಎಳೆದು ಅದನ್ನು ರೇಡಿಯೊದ ಹಿಂಬದಿಗೆ ಸಿಕ್ಕಿಸುತ್ತಿದ್ದುದನ್ನು, ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿನ ಹಣ ಕಟ್ಟುತ್ತಿದ್ದುದನ್ನು ಅವರು ಹೇಳಿಯಾರು. ಸಂಜೆ ಗುಡುಗು ಶುರುವಾದರೆ ಹಾಡಿಗಿಂತ ಕರಕರ ಸದ್ದೇ ಜೋರಾಗುತ್ತಿದ್ದುದನ್ನೂ ಹೇಳಿಯಾರು. ಈ ಕರಕರ ಸದ್ದೇ ನಮ್ಮ ಚರಿತ್ರೆಯ ಖಳನಾಯಕ.

ಗಾಳಿಪಟದಿಂದ ಚೌಕಟ್ಟಿಗೆ

1901ರ ಡಿಸೆಂಬರ್ 12ರಂದು ಮಾರ್ಕೋನಿಯವರು ನ್ಯೂಫೌಂಡ್‌ಲೆಂಡಿನ ಸೇಂಟ್ ಜಾನ್ಸ್ ಎಂಬಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಕೇಳಿದುದಾಗಿ ಪ್ರಕಟಿಸಿದರು. ಅವರ ಆಂಟೆನಾ, ಗಾಳಿಪಟದಿಂದ ಇಳಿಬಿಟ್ಟ ಸುಮಾರು 150 ಮೀಟರ್ ಉದ್ದದ ತಂತಿ. ಎತ್ತರ ಹೆಚ್ಚಿದಷ್ಟೂ, ಉದ್ದ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಂದಿನಿಂದ ಬೇರೂರಿತು.

ಇದಕ್ಕೆ ವಿರುದ್ಧವಾದ ದಾರಿ ತೋರಿದವರು ಜರ್ಮನಿಯ ಫರ್ಡಿನಾಂಡ್ ಬ್ರೌನ್. 1909ರಲ್ಲಿ ಮಾರ್ಕೋನಿಯವರೊಂದಿಗೆ ನೊಬೆಲ್ ಬಹುಮಾನವನ್ನು ಹಂಚಿಕೊಂಡವರು ಇವರೇ. ದೂರದರ್ಶನದ ವೀಕ್ಷಕರಾದ ನೀವು ಅವರಿಗೆ ಇನ್ನೊಂದು ಕಾರಣದಿಂದ ಋಣಿಗಳು: ದಶಕಗಳ ಕಾಲ ಟಿ.ವಿ. ಪೆಟ್ಟಿಗೆಗಳಲ್ಲಿ ಚಿತ್ರ ಮೂಡಿಸಿದ ಗಾಜಿನ ಕೊಳವೆಯ ಮೂಲ ರೂಪವನ್ನು 1897ರಲ್ಲಿ ರಚಿಸಿದವರು ಅವರು. 1913ರಲ್ಲಿ ಬ್ರೌನ್ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒಂದು ಚೌಕಟ್ಟಿಗೆ ತಂತಿ ಸುತ್ತಿ, ಕಟ್ಟಡದ ಒಳಗೇ ಇಟ್ಟು, ಪ್ಯಾರಿಸಿನ ಐಫೆಲ್ ಗೋಪುರದಿಂದ ಬರುತ್ತಿದ್ದ ಸಂಕೇತಗಳನ್ನು ಕೇಳಿದರು. ಗಾಳಿಪಟ ಬೇಕಾಗಲಿಲ್ಲ, ಎತ್ತರದ ಕಂಬವೂ ಬೇಕಾಗಲಿಲ್ಲ.

ಈ ಚೌಕಟ್ಟಿಗೆ ಒಂದು ವಿಶೇಷ ಗುಣವಿದೆ. ಅದನ್ನು ಬಾಗಿಲಿನಂತೆ ನೆಟ್ಟಗೆ ನಿಲ್ಲಿಸಿ ತಿರುಗಿಸಿ. ಚೌಕಟ್ಟಿನ ಅಂಚು ಕೇಂದ್ರದ ಕಡೆಗಿದ್ದಾಗ ದನಿ ಜೋರಾಗಿ ಕೇಳುತ್ತದೆ. ಚೌಕಟ್ಟಿನ ಮುಖ ಕೇಂದ್ರದ ಕಡೆಗೆ ತಿರುಗಿದಾಗ ದನಿ ತಟ್ಟನೆ ಅಡಗುತ್ತದೆ. ಕಾರಣ ಸರಳವಾಗಿದೆ. ಅಂಚಿನ ಕಡೆಯಿಂದ ಬರುವ ತರಂಗವು ಚೌಕಟ್ಟಿನ ಒಂದು ಬದಿಯನ್ನು ಮೊದಲು, ಇನ್ನೊಂದು ಬದಿಯನ್ನು ಕೊಂಚ ತಡವಾಗಿ ಮುಟ್ಟುತ್ತದೆ. ಈ ವ್ಯತ್ಯಾಸವೇ ತಂತಿಯಲ್ಲಿ ವಿದ್ಯುತ್ತಾಗುತ್ತದೆ. ಮುಖದ ಕಡೆಯಿಂದ ಬರುವ ತರಂಗವು ಎರಡೂ ಬದಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುವುದರಿಂದ ಒಂದು ಇನ್ನೊಂದನ್ನು ಕಳೆದುಬಿಡುತ್ತದೆ. ಹೀಗೆ ದನಿ ಅಡಗುವ ದಿಕ್ಕನ್ನು ನಾವು 'ಮೌನದ ದಿಕ್ಕು' ಎನ್ನೋಣ.

ಯುದ್ಧಕಾಲದಲ್ಲಿ ಈ ಗುಣ ಶತ್ರುವಿನ ಠಾವು ಹುಡುಕಲು ಬಳಕೆಯಾಯಿತು. 1916ರ ಜಟ್ಲೆಂಡ್ ಕದನಕ್ಕೆ ಮೊದಲು, ಬ್ರಿಟನ್ನಿನ ಕರಾವಳಿಯ ದಿಕ್ಸೂಚಕ ಕೇಂದ್ರಗಳು ಜರ್ಮನ್ ಹಡಗಿನ ಸಂಕೇತ ಬರುವ ದಿಕ್ಕು ಒಂದೆರಡು ಡಿಗ್ರಿ ಬದಲಾದುದನ್ನು ಗುರುತಿಸಿ, ಹಡಗುಗಳು ಬಂದರಿನಿಂದ ಕದಲಿವೆ ಎಂದು ತಿಳಿಸಿದ್ದವು. ಆದರೆ ರಾತ್ರಿಯಾಗುತ್ತಲೇ ಈ ಯಂತ್ರಗಳು ತಪ್ಪು ದಿಕ್ಕು ತೋರಿಸುತ್ತಿದ್ದವು; ಮೌನದ ದಿಕ್ಕು ಮಸುಕಾಗುತ್ತಿತ್ತು. ನೆಲದ ಮೇಲೆ ಹರಿದು ಬರುವ ತರಂಗದೊಂದಿಗೆ ಆಕಾಶದಿಂದ ಇಳಿದುಬರುವ ತರಂಗವೂ ಸೇರಿಕೊಳ್ಳುವುದೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಈ 'ರಾತ್ರಿ ದೋಷ'ವನ್ನು ನೆನಪಿನಲ್ಲಿಡಿ. ಗುತ್ತಿಗಾರಿನ ನಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಅಡಗಿದೆ.

ಕಡಲತೀರದ ಡೇರೆ

1921ನೆಯ ವರ್ಷ ಹವ್ಯಾಸಿ ರೇಡಿಯೊದ ಚರಿತ್ರೆಯಲ್ಲಿ ದೊಡ್ಡದು. ಭಾರತದ ಮೊದಲ ಹ್ಯಾಮ್ ಎಂದು ಹೆಸರಾದ ಅಮರೇಂದ್ರ ಚಂದ್ರ ಗುಪ್ತು ಅವರು 2ಜೆಕೆ ಎಂಬ ಸಂಕೇತನಾಮದಿಂದ ಕೆಲಸ ಆರಂಭಿಸಿದ್ದು ಆ ವರ್ಷವೇ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಂಘವು ಪಾಲ್ ಗಾಡ್ಲಿ ಎಂಬ ತಜ್ಞರನ್ನು ಸ್ಕಾಟ್ಲೆಂಡಿನ ಆರ್ಡ್ರೊಸನ್ ಎಂಬ ಕಡಲತೀರದ ಊರಿಗೆ ಕಳುಹಿಸಿತು. ಹವ್ಯಾಸಿಗಳ ಸಣ್ಣ ಪ್ರೇಷಕಗಳ ದನಿ ಅಟ್ಲಾಂಟಿಕ್ ದಾಟುವುದೇ ಎಂದು ಪರೀಕ್ಷಿಸುವುದು ಅವರ ಕೆಲಸ. ಚಳಿ, ಗಾಳಿ, ಮಳೆಯ ನಡುವೆ ಡೇರೆ ಹಾಕಿ ಕುಳಿತ ಗಾಡ್ಲಿಯವರಿಗೆ ಕನೆಕ್ಟಿಕಟ್‌ನಿಂದ 1ಬಿಸಿಜಿ ಎಂಬ ಕೇಂದ್ರದ ಪೂರ್ಣ ಸಂದೇಶ ಸುಮಾರು 230 ಮೀಟರ್ ತರಂಗದೂರದಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಗಾಡ್ಲಿಯವರು ಕಟ್ಟಿದ್ದ ಆಂಟೆನಾ ಹೆರಾಲ್ಡ್ ಬೆವರೇಜ್ ಎಂಬ ಎಂಜಿನಿಯರ್ ರೂಪಿಸಿದ ಮಾದರಿಯದು. ಅದು ಸುಮಾರು 400 ಮೀಟರ್ ಉದ್ದದ ತಂತಿ, ಆದರೆ ಎತ್ತರ ನಾಲ್ಕು ಮೀಟರಿಗಿಂತ ಕಡಿಮೆ. ಅದರ ದೂರದ ತುದಿಯನ್ನು ಒಂದು ರೋಧಕದ ಮೂಲಕ ಭೂಮಿಗೆ ಸೇರಿಸಲಾಗುತ್ತದೆ. ಹೀಗೆ ಮಾಡಿದರೆ ಆಂಟೆನಾ ಮುಂದಿನ ದಿಕ್ಕಿನದನ್ನು ಮಾತ್ರ ಕೇಳುತ್ತದೆ, ಹಿಂದಿನದಕ್ಕೆ ಕಿವುಡಾಗುತ್ತದೆ. ಪ್ರೇಷಣಕ್ಕೆ ಈ ತಂತಿ ನಿಷ್ಪ್ರಯೋಜಕ. ಹೆಚ್ಚಿನ ಶಕ್ತಿ ನೆಲದಲ್ಲೇ ಇಂಗಿಹೋಗುತ್ತದೆ. ಕೇಳುವುದಕ್ಕೆ ಮಾತ್ರ ಅದು ಬಲು ಸೊಗಸು. ಕಳುಹಿಸುವ ಆಂಟೆನಾ ಬೇರೆ, ಕೇಳುವ ಆಂಟೆನಾ ಬೇರೆ ಎಂಬ ಅರಿವು ಇಲ್ಲಿಂದ ಗಟ್ಟಿಯಾಯಿತು.

ಗದ್ದಲದ ಲೆಕ್ಕ

ದುರ್ಬಲ ಆಂಟೆನಾ ಹೇಗೆ ಚೆನ್ನಾಗಿ ಕೇಳಬಲ್ಲದು? ಒಂದು ಸಣ್ಣ ಲೆಕ್ಕ ಮಾಡೋಣ. ದೊಡ್ಡ ಆಂಟೆನಾದಲ್ಲಿ ಸಂದೇಶದ ಬಲ 100, ಗದ್ದಲದ ಬಲ 50 ಎಂದಿಟ್ಟುಕೊಳ್ಳಿ. ಸಂದೇಶ ಗದ್ದಲದ ಎರಡು ಪಟ್ಟು. ಚಿಕ್ಕ ಆಂಟೆನಾ ಎಲ್ಲವನ್ನೂ ನೂರು ಪಟ್ಟು ಕುಗ್ಗಿಸುತ್ತದೆ ಎನ್ನೋಣ. ಆಗ ಸಂದೇಶ 1, ಗದ್ದಲ ಅರ್ಧ. ಈಗಲೂ ಸಂದೇಶ ಗದ್ದಲದ ಎರಡು ಪಟ್ಟೇ! ರಿಸೀವರಿನ ಗುಂಡಿ ತಿರುಗಿಸಿ ಧ್ವನಿ ಹೆಚ್ಚಿಸಿಕೊಂಡರೆ ನಷ್ಟವೇನೂ ಇಲ್ಲ. ಆದರೆ ಚಿಕ್ಕ ಆಂಟೆನಾವನ್ನು ತಿರುಗಿಸಿ ಗದ್ದಲವನ್ನು ಮಾತ್ರ ಇನ್ನೂ ಹತ್ತು ಪಟ್ಟು ಕಡಿಮೆ ಮಾಡಿದಿರಾದರೆ, ಸಂದೇಶ ಗದ್ದಲದ ಇಪ್ಪತ್ತು ಪಟ್ಟಾಗುತ್ತದೆ.

ಈ ಲೆಕ್ಕ ಎಲ್ಲ ಆವೃತ್ತಿಗಳಿಗೂ ಸಲ್ಲುವುದಿಲ್ಲ. ಹೊರಗಿನ ಗದ್ದಲವು ರಿಸೀವರಿನ ಒಳಗಿನ ಗದ್ದಲಕ್ಕಿಂತ ಬಹಳ ಹೆಚ್ಚಿದ್ದರೆ ಮಾತ್ರ ಸರಿ. 1.8 ಮೆಗಾಹರ್ಟ್ಸ್‌ನಲ್ಲಿ ಶಾಂತವಾದ ಹಳ್ಳಿಯಲ್ಲಿ ಸಹ ಹೊರಗಿನ ಗದ್ದಲ ಸಾವಿರಾರು ಪಟ್ಟು ಹೆಚ್ಚು. ದೂರದ ಮಿಂಚುಗಳು, ವಿದ್ಯುತ್ ತಂತಿಯ ಕಿಡಿಗಳು, ಪಂಪುಸೆಟ್ಟು, ಚಾರ್ಜರು, ಇನ್ವರ್ಟರು ಎಲ್ಲವೂ ಇದಕ್ಕೆ ತಮ್ಮ ಕಾಣಿಕೆ ಸಲ್ಲಿಸುತ್ತವೆ.

ಗದ್ದಲವನ್ನು ಅಲಕ್ಷಿಸದೆ ಅಭ್ಯಾಸ ಮಾಡಿದವರಿಗೆ ಅನಿರೀಕ್ಷಿತ ಫಲವೂ ದೊರೆತಿದೆ. ಅಮೆರಿಕದ ಕಾರ್ಲ್ ಜಾನ್ಸ್‌ಕಿಯವರು ತಿರುಗುವ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಗದ್ದಲದ ಮೂಲಗಳನ್ನು ಹುಡುಕಿದರು. ಹತ್ತಿರದ ಗುಡುಗು, ದೂರದ ಗುಡುಗು ಇವೆರಡನ್ನು ಬಿಟ್ಟು ಸದಾ ಇರುವ ಮೂರನೆಯ ಸುಯ್ಯೆಂಬ ಸದ್ದು ಕೇಳಿಸಿತು. ಅದು ನಮ್ಮ ಆಕಾಶಗಂಗೆಯಿಂದ ಬರುತ್ತಿದೆ ಎಂದು 1933ರಲ್ಲಿ ಅವರು ಪ್ರಕಟಿಸಿದರು. ರೇಡಿಯೊ ಖಗೋಳಶಾಸ್ತ್ರ ಹುಟ್ಟಿದ್ದು ಹೀಗೆ. ನಮ್ಮ ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ಗಾಗಿ ಒಂದು ಸಾವಿರ ಸರಳ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಾಕಾರದಲ್ಲಿ ಜೋಡಿಸಿ ಕಟ್ಟಿದ ದೂರದರ್ಶಕವೂ ಈ ಪರಂಪರೆಗೇ ಸೇರಿದ್ದು.

ಅಂಗಳಕ್ಕೆ ಇಳಿದ ಆಂಟೆನಾ

ಟ್ರಾನ್ಸಿಸ್ಟರ್ ರೇಡಿಯೊ ಬಂದಾಗ ಬ್ರೌನರ ಚೌಕಟ್ಟು ಬೆರಳುದ್ದಕ್ಕೆ ಇಳಿಯಿತು. ಫೆರೈಟ್ ಎಂಬ ಕಪ್ಪು ಕಾಂತೀಯ ವಸ್ತುವಿನ ಕಡ್ಡಿಯ ಮೇಲೆ ತಂತಿ ಸುತ್ತಿದರೆ ಅದೇ ಆಂಟೆನಾ. ನಿಮ್ಮ ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಮಧ್ಯಮ ತರಂಗದಲ್ಲಿ ಯಾವುದಾದರೊಂದು ಕೇಂದ್ರವನ್ನು ಹಿಡಿದು ಪೆಟ್ಟಿಗೆಯನ್ನು ಮೆಲ್ಲನೆ ಸುತ್ತ ತಿರುಗಿಸಿ. ದನಿ ಅಡಗಿದಾಗ ಒಳಗಿನ ಕಡ್ಡಿಯ ತುದಿ ಕೇಂದ್ರದ ಕಡೆ ಮುಖ ಮಾಡಿದೆ ಎಂದು ತಿಳಿಯಿರಿ. 1916ರ ಕರಾವಳಿ ಕಾವಲಿನವರು ಮಾಡಿದ್ದನ್ನೇ ನೀವೂ ಮಾಡಿದಂತಾಯಿತು.

ಹವ್ಯಾಸಿಗಳ ಕಡೆಯಲ್ಲಿ, ಬೆವರೇಜ್ ತಂತಿ ಹಾಸಲು ಜಾಗವಿಲ್ಲದವರ ಕಷ್ಟ ಹಾಗೆಯೇ ಉಳಿದಿತ್ತು. ಇದಕ್ಕೆ ಪರಿಹಾರ ಬಂದದ್ದು ಇತ್ತೀಚೆಗೆ. ಅಮೆರಿಕದ ಹವ್ಯಾಸಿಗಳ ಪತ್ರಿಕೆ 'ಕ್ಯೂಎಸ್‌ಟಿ'ಯಲ್ಲಿ 1995ರಲ್ಲಿ ಫ್ಲಾಯ್ಡ್ ಕೂನ್ಟ್ಸ್, 1997ರಲ್ಲಿ ಗ್ಯಾರಿ ಬ್ರೀಡ್, 2000ದಲ್ಲಿ ಅರ್ಲ್ ಕನಿಂಗ್‌ಹ್ಯಾಮ್ ತಂತಮ್ಮ ಲೇಖನಗಳಲ್ಲಿ ಪುಟ್ಟ ಅಂಗಳಕ್ಕೆ ಹೊಂದುವ ಕುಣಿಕೆಗಳನ್ನು ವಿವರಿಸಿದರು. ಬ್ರೀಡ್ ಅವರ ಕುಣಿಕೆಗೆ ಬೇಕಾದದ್ದು ಏಳೂವರೆ ಮೀಟರ್ ಎತ್ತರದ ಒಂದೇ ಕಂಬ, 26 ಮೀಟರ್ ತಂತಿ ಮತ್ತು ತುದಿಯಲ್ಲೊಂದು ರೋಧಕ. 'ಬಾವುಟ' ಎಂಬ ಹೆಸರಿನ ಇನ್ನೊಂದು ಮಾದರಿ ಸುಮಾರು 9 ಮೀಟರ್ ಉದ್ದ, ನಾಲ್ಕೂಕಾಲು ಮೀಟರ್ ಎತ್ತರದ ಆಯತ. ಅದಕ್ಕೆ ಭೂಸಂಪರ್ಕವೂ ಬೇಡ. ಇವೆಲ್ಲ ಬೆವರೇಜ್ ತಂತಿಯಂತೆ ಒಂದು ಕಡೆ ಕೇಳಿ, ಇನ್ನೊಂದು ಕಡೆಗೆ ಕಿವುಡಾಗುತ್ತವೆ. ಏಪ್ರಿಲ್ ಮೇ ತಿಂಗಳ ಸಂಜೆ ಗುತ್ತಿಗಾರಿನ ಪೂರ್ವಕ್ಕೆ ಘಟ್ಟದ ಮೇಲೆ ಗುಡುಗು ಕಟ್ಟುತ್ತದೆ. ಯುರೋಪು ಇರುವುದು ವಾಯುವ್ಯಕ್ಕೆ, ಅರಬ್ಬೀ ಸಮುದ್ರದಾಚೆ. ಘಟ್ಟಕ್ಕೆ ಬೆನ್ನು ಮಾಡಿ ನಿಂತ ಇಂಥ ಕುಣಿಕೆಗೆ ಯುರೋಪಿನ ಸಣ್ಣ ದನಿಯೂ ಕೇಳುವ ಸಂಭವ ಹೆಚ್ಚು.

ಗುತ್ತಿಗಾರಿಗೆ ತಕ್ಕ ಚೌಕಟ್ಟು

ಈಗ ಮಳೆಗಾಲದ ರಾತ್ರಿಗೆ ಹಿಂತಿರುಗೋಣ. ಆಗ ನಮಗೆ ಬೇಕಾದದ್ದು ಯುರೋಪಲ್ಲ. ಸುಳ್ಯ, ಮಡಿಕೇರಿ, ಮಂಗಳೂರು, ಮೈಸೂರುಗಳ ಸುದ್ದಿ. ಅದು ಬರುವುದು ನೆತ್ತಿಯ ಮೇಲಿನಿಂದ. ಬೇಡವಾದ ಗದ್ದಲ ಬರುವುದು ಪಕ್ಕದ ಮನೆಯ ಇನ್ವರ್ಟರಿನಿಂದ, ನೆಲಕ್ಕೆ ಸಮನಾಗಿ.

ಮರದ ಅಥವಾ ಬಿದಿರಿನ ಎರಡು ಪಟ್ಟಿಗಳನ್ನು ಅಡ್ಡಡ್ಡ ಕಟ್ಟಿ, ಒಂದು ಮೀಟರ್ ಬದಿಯ ಚೌಕವಾಗುವಂತೆ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸುತ್ತಿ. 80 ಮೀಟರ್ ಪಟ್ಟಿಗೆ ಎರಡು ಸುತ್ತು, 160 ಮೀಟರಿಗೆ ನಾಲ್ಕು, ಆಕಾಶವಾಣಿಯ ಮಧ್ಯಮ ತರಂಗಕ್ಕೆ ಎಂಟು. ಆವೃತ್ತಿ ಅರ್ಧವಾದಂತೆ ಸುತ್ತು ಇಮ್ಮಡಿ ಎಂಬ ಸೂತ್ರ ಇದರಲ್ಲಿದೆ. ತಂತಿಯ ಎರಡು ತುದಿಗಳಿಗೆ ಹಳೆಯ ರೇಡಿಯೊದ ಗ್ಯಾಂಗ್ ಕಂಡೆನ್ಸರನ್ನು ಜೋಡಿಸಿ. ಒಳಬದಿಯಲ್ಲಿ ಬೇರೆಯಾಗಿ ಒಂದೇ ಸುತ್ತು ತಂತಿ ಹಾಕಿ ಅದನ್ನು ರಿಸೀವರಿಗೆ ಕೊಡಿ. 160 ಮೀಟರಿನ ತರಂಗಕ್ಕೆ ಇಂಥ ಚೌಕಟ್ಟಿನ ಒಂದು ಸುತ್ತು ಕೇವಲ ನಾಲ್ಕು ಸೆಂಟಿಮೀಟರ್ ಎತ್ತರದ ಆಂಟೆನಾಕ್ಕೆ ಸಮ! ಕಂಡೆನ್ಸರನ್ನು ಸರಿಯಾಗಿ ತಿರುಗಿಸಿ ಅನುರಣನಕ್ಕೆ ತಂದಾಗ ಮಾತ್ರ ಅದರ ಫಲ ಹತ್ತಾರು ಪಟ್ಟು ಏರುತ್ತದೆ.

ಇನ್ನು ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಖವನ್ನು ಗದ್ದಲದ ಮೂಲದ ಕಡೆಗೆ ತಿರುಗಿಸಿ. ಇನ್ವರ್ಟರಿನ ಸದ್ದು ಅಡಗುತ್ತದೆ. ನೆತ್ತಿಯ ಮೇಲಿನ ದನಿಯೂ ಅಡಗುವುದೇ? ಇಲ್ಲ. ನೆಟ್ಟಗೆ ನಿಂತ ಚೌಕಟ್ಟನ್ನು ಯಾವ ಕಡೆ ತಿರುಗಿಸಿದರೂ ನೆತ್ತಿಯ ದಿಕ್ಕಿಗೆ ಅದರ ಅಂಚೇ ಇರುತ್ತದೆ. ಆಕಾಶದಿಂದ ಇಳಿಯುವ ತರಂಗಕ್ಕೆ ಮೌನದ ದಿಕ್ಕು ಇಲ್ಲ. ಯುದ್ಧಕಾಲದ ದಿಕ್ಸೂಚಕಗಳನ್ನು ಕೆಡಿಸಿದ 'ರಾತ್ರಿ ದೋಷ' ಇದೇ ಅಲ್ಲವೆ? ಅಂದು ತಜ್ಞರನ್ನು ಕಂಗೆಡಿಸಿದ ದೋಷ ಗುಡ್ಡದ ನಡುವಿನ ಊರಿಗೆ ವರವಾಯಿತು. ತಲೆಯ ಮೇಲೆಯೇ ಸಿಡಿಯುವ ಗುಡುಗಿಗೆ ಮಾತ್ರ ಯಾವ ಚೌಕಟ್ಟಿನಲ್ಲೂ ಔಷಧವಿಲ್ಲ.

ಒಂದು ಎಚ್ಚರಿಕೆ. ಮಿಂಚು ಸಮೀಪಿಸಿದಾಗ ಹೊರಗಿನ ಆಂಟೆನಾವನ್ನು ಮುಟ್ಟಬೇಡಿ. ಅದಕ್ಕೆ ಮೊದಲೇ ರಿಸೀವರಿನಿಂದ ಬಿಡಿಸಿಡಿ. ವಿದ್ಯುತ್ ತಂತಿಯ ಹತ್ತಿರ ಎಂದಿಗೂ ಆಂಟೆನಾ ಕಟ್ಟಬೇಡಿ.

ಕೇಳಬಲ್ಲವರ ಅಗತ್ಯ

ಇದೆಲ್ಲ ಬರಿಯ ಹವ್ಯಾಸವೆಂದು ನಿಮಗೆ ಅನಿಸಬಹುದು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್‌ಬ್ಲೇರಿಗೆ ಹೋಗಿ ರೇಡಿಯೊ ಕೇಂದ್ರ ನಡೆಸುತ್ತಿದ್ದರು. ಡಿಸೆಂಬರ್ 26ರಂದು ಸುನಾಮಿ ಬಂದು ದ್ವೀಪಗಳ ಸಂಪರ್ಕ ಕಡಿದಾಗ ಅವರ ಹವ್ಯಾಸದ ಕೇಂದ್ರವೇ ಸುದ್ದಿಯ ಸೇತುವೆಯಾಯಿತು. ನಮ್ಮ ಹತ್ತಿರಕ್ಕೇ ಬರೋಣ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆ ಮುಚ್ಚಿತು. 2022ರ ಆಗಸ್ಟ್ ಮೊದಲ ವಾರದಲ್ಲಿ ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರಗಳಲ್ಲಿ ನೀರು ನುಗ್ಗಿತು. ಇವೆಲ್ಲ ಗುತ್ತಿಗಾರಿನ ಸುತ್ತಮುತ್ತಲಿನ ನೆಲ. ಅಂಥ ರಾತ್ರಿಗಳಲ್ಲಿ ಗುಡ್ಡದಾಚೆಯಿಂದ ಬರುವ ಒಂದು ಕ್ಷೀಣ ದನಿಯನ್ನು ಕೇಳಬಲ್ಲವರು ಊರಿಗೊಬ್ಬರಾದರೂ ಇರಬೇಕಲ್ಲವೆ?

ಹ್ಯಾಮ್ ಆಗಿ ಪ್ರಸಾರ ಮಾಡಲು ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸ್ ಪಡೆಯಬೇಕು. ಬೆಂಗಳೂರಿನಲ್ಲಿ 1959ರಲ್ಲೇ ಹವ್ಯಾಸಿ ರೇಡಿಯೊ ಕ್ಲಬ್ ಸ್ಥಾಪನೆಯಾಗಿತ್ತು. ಅಂಥ ಸಂಘಗಳು ಹೊಸಬರಿಗೆ ದಾರಿ ತೋರಿಸುತ್ತ ಬಂದಿವೆ. ಆದರೆ ಮಾತನಾಡುವ ಮೊದಲು ಕೇಳಲು ಕಲಿಯಬೇಕು. ಗಾಳಿಪಟದ ತಂತಿಯಿಂದ ಅಂಗಳದ ಚೌಕಟ್ಟಿನವರೆಗಿನ ಈ ಚರಿತ್ರೆ ನಮಗೆ ಹೇಳುವುದು ಇಷ್ಟು: ಚೆನ್ನಾಗಿ ಕೇಳಬೇಕಾದರೆ ದೊಡ್ಡ ಕಿವಿಯೇ ಬೇಕೆಂದಿಲ್ಲ, ಯಾವುದಕ್ಕೆ ಕಿವಿಗೊಡಬಾರದು ಎಂಬುದು ತಿಳಿದಿರಬೇಕು. ಇಂದು ಸಂಜೆ ಮನೆಯ ಅಟ್ಟದಲ್ಲಿರುವ ಹಳೆಯ ಟ್ರಾನ್ಸಿಸ್ಟರನ್ನು ಕೆಳಗಿಳಿಸಿ, ಹೊಸ ಸೆಲ್ ಹಾಕಿ, ಒಮ್ಮೆ ಸುತ್ತ ತಿರುಗಿಸಿ ನೋಡಿ.